ಹಳೆಯ ಷೆವರ್ಲೆ ಪಿಕಪ್ಪಿನ ಬೆಂಚ್ ಸೀಟು: ತುಕ್ಕು, ಸ್ಪ್ರಿಂಗು, ರೆಕ್ಸಿನ್, ಬಣ್ಣ

ಚಾಲಕನಿಗೊಂದು, ಪಕ್ಕದವರಿಗೊಂದು ಎಂದು ಬಿಡಿ ಆಸನಗಳಿಲ್ಲದೆ ಕ್ಯಾಬಿನ್ನಿನ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದಕ್ಕೆ ಚಾಚಿಕೊಂಡಿರುವ ಮೆತ್ತೆಯ ಆಸನವನ್ನು ವಾಹನೋದ್ಯಮದಲ್ಲಿ ಬೆಂಚ್ ಸೀಟು ಎನ್ನುತ್ತಾರೆ. ಅಮೆರಿಕದ ಪಿಕಪ್ ಟ್ರಕ್ಕುಗಳಲ್ಲಿ, ಅಂದರೆ ಹಿಂಬದಿಯಲ್ಲಿ ತೆರೆದ ಸರಕುತೊಟ್ಟಿಯಿರುವ ಸಣ್ಣ ಲಾರಿಗಳಲ್ಲಿ, ಇಪ್ಪತ್ತನೆಯ ಶತಮಾನದ ಬಹುಭಾಗ ಇದೇ ರೂಢಿಯ ಆಸನವಾಗಿತ್ತು. 1947ರ ಬೇಸಿಗೆಯಲ್ಲಿ ಮಾರುಕಟ್ಟೆಗೆ ಬಂದು 1955ರ ಆರಂಭದವರೆಗೆ ತಯಾರಾದ ಷೆವರ್ಲೆ ಕಂಪನಿಯ ಅಡ್ವಾನ್ಸ್ ಡಿಸೈನ್ ಶ್ರೇಣಿ, ಅದರಲ್ಲೂ ಅರ್ಧ ಟನ್ ದರ್ಜೆಯ 3100 ಮಾದರಿ, ಹಳೆಯ ವಾಹನಗಳನ್ನು ಮತ್ತೆ ಸಜ್ಜುಗೊಳಿಸುವವರು ಇಂದಿಗೂ ಅರಸಿಕೊಂಡು ಹೋಗುವ ಟ್ರಕ್ಕು. ಮೂವರು ಪಕ್ಕಪಕ್ಕದಲ್ಲಿ ಕೂರಬಹುದಾದ ಅಗಲವಾದ ಕ್ಯಾಬಿನ್ನು ಅದರ ಹೆಗ್ಗಳಿಕೆಯಾಗಿತ್ತು. ಮೂರು ಗೇರಿನ ಟ್ರಕ್ಕುಗಳಲ್ಲಿ 1948ರಿಂದ ಗೇರಿನ ಹಿಡಿಯನ್ನು ನೆಲದಿಂದ ಸ್ಟೀರಿಂಗ್ ಕಂಬಕ್ಕೂ, ನಿಲುಗಡೆಯ ಬ್ರೇಕನ್ನು ಕೈಯಿಂದ ಕಾಲಿಗೂ ವರ್ಗಾಯಿಸಿದ್ದರಿಂದ ನಡುವೆ ಕೂರುವವರ ಕಾಲಿಗೆ ನಿಜವಾಗಿಯೂ ಜಾಗ ದೊರೆಯಿತು. ಹೊಲ, ಅಂಗಡಿ, ಶಾಲೆ, ಚರ್ಚು ಎಲ್ಲದಕ್ಕೂ ಒಂದೇ ವಾಹನವನ್ನು ನೆಚ್ಚಿಕೊಂಡಿದ್ದ ರೈತ ಕುಟುಂಬಗಳಿಗೆ ಈ ಆಸನ ಮನೆಯ ಪೀಠೋಪಕರಣದಷ್ಟೇ ಬಳಕೆಯ ವಸ್ತುವಾಗಿತ್ತು, ಆದ್ದರಿಂದಲೇ ಟ್ರಕ್ಕಿನ ಬೇರೆಲ್ಲ ಭಾಗಗಳಿಗಿಂತ ಮೊದಲು ಸವೆದುಹೋದದ್ದೂ ಅದೇ.

ಸವೆತವು ಆಸನದುದ್ದಕ್ಕೂ ಒಂದೇ ತೆರನಾಗಿರುವುದಿಲ್ಲ ಎಂಬುದು ಈ ಕೆಲಸದ ಮೊದಲ ಪಾಠ. ಅಮೆರಿಕದಲ್ಲಿ ಚಾಲಕ ಎಡಗಡೆ ಕೂರುವುದರಿಂದ, ಏರುವಾಗಲೂ ಇಳಿಯುವಾಗಲೂ ಮೈ ಉಜ್ಜುವ ಎಡ ಅಂಚಿನ ಹೊಲಿಗೆ ಮೊದಲು ಬಿಡುತ್ತದೆ, ಅದರ ಒಳಬದಿಯ ಸ್ಪ್ರಿಂಗುಗಳು ಮೊದಲು ಕುಸಿಯುತ್ತವೆ, ಬಲ ತುದಿ ಮಾತ್ರ ಎಷ್ಟೋ ಸಲ ಹೊಸದರಂತೆಯೇ ಉಳಿದಿರುತ್ತದೆ. ಹೊದಿಕೆ ಹರಿದದ್ದು ಕಣ್ಣಿಗೆ ಕಾಣುತ್ತದೆಯಾದರೂ ಅದಕ್ಕೆ ಕಾರಣ ಸಾಮಾನ್ಯವಾಗಿ ಕೆಳಗಿನ ಪದರದಲ್ಲಿರುತ್ತದೆ: ಮುರಿದ ಸ್ಪ್ರಿಂಗು ಗೋಣಿಯನ್ನು ಕೊಯ್ದು, ಗೋಣಿ ಹರಿದಲ್ಲಿ ಹತ್ತಿ ಕೆಳಗೆ ಜಾರಿ, ಆಧಾರ ತಪ್ಪಿದ ಹೊದಿಕೆ ಪ್ರತಿ ಕುಲುಕಿಗೂ ಎಳೆದಾಡಿ ಕೊನೆಗೆ ಸೀಳುತ್ತದೆ. ಹಾಗಾಗಿ ಮೇಲಿನಿಂದ ತೇಪೆ ಹಾಕಿ ಬಣ್ಣ ಬಳಿದ ಆಸನ ಬೇಗನೆ ಮತ್ತೆ ಅದೇ ಜಾಗದಲ್ಲಿ ಬಾಯಿ ಬಿಡುತ್ತದೆ. ದುರಸ್ತಿ ಯಾವಾಗಲೂ ತಳದಿಂದ ಮೇಲಕ್ಕೆ ಸಾಗಬೇಕು.

ಕೂರುವ ಮೆತ್ತೆ ಮತ್ತು ಒರಗುವ ಬೆನ್ನು ಎರಡೂ ಬೇರೆ ಬೇರೆ ಉಕ್ಕಿನ ಚೌಕಟ್ಟುಗಳ ಮೇಲೆ ಕಟ್ಟಿದವು. ಎರಡನ್ನೂ ಬೋಲ್ಟು ಬಿಚ್ಚಿ ಕ್ಯಾಬಿನ್ನಿನಿಂದ ಹೊರತಂದೇ ಕೆಲಸ ಆರಂಭಿಸಬೇಕು. ಇದು ಅನುಕೂಲದ ಮಾತಷ್ಟೇ ಅಲ್ಲ. 1949ರ ನಡುವಿನಿಂದ ಈ ಪಿಕಪ್ಪುಗಳ ಪೆಟ್ರೋಲ್ ಟ್ಯಾಂಕನ್ನು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೆ ಅಂಟಿದಂತೆ ನಿಲ್ಲಿಸಲಾಯಿತು. ಹಾಗಿರುವಾಗ ಸೀಟನ್ನು ಇದ್ದಲ್ಲಿಯೇ ಇಟ್ಟುಕೊಂಡು ತುಕ್ಕು ಉಜ್ಜುವ ಯಂತ್ರವನ್ನೋ ವೆಲ್ಡಿಂಗನ್ನೋ ಬಳಸಿ ಕಿಡಿ ಹಾರಿಸುವುದು ಪ್ರಾಣಾಪಾಯದ ಕೆಲಸ. ಹೊರತಂದ ಚೌಕಟ್ಟಿನ ಸಡಿಲ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಕೆರೆದು, ಸಂದುಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದರೆ ಅದು ಕೆಂಪು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಎಂಬ ಕಪ್ಪುಛಾಯೆಯ ಗಟ್ಟಿ ಪದರವಾಗಿ ಬದಲಿಸುತ್ತದೆ. ಆ ಕಾಲದ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜದೆ, ನೀರು ಹಾಕಿಕೊಂಡು, ಮುಖಕ್ಕೆ ಸರಿಯಾದ ಮಾಸ್ಕು ಧರಿಸಿ ಉಜ್ಜುವುದು ಕ್ಷೇಮ. ಆಮೇಲೆ ಪ್ರೈಮರ್, ಅದರ ಮೇಲೆ ಎನಾಮೆಲ್.

ಸ್ಪ್ರಿಂಗುಗಳಿಗೆ ಇದೇ ಉಪಚಾರ ನಡೆಯದು. ಸ್ಪ್ರಿಂಗಿನ ಉಕ್ಕು ಪುಟಿಯುವುದು ತಯಾರಿಕೆಯ ಹಂತದಲ್ಲಿ ಅದಕ್ಕೆ ಕೊಟ್ಟ ಹದದಿಂದ. ಮುರಿದ ಸುರುಳಿಯನ್ನು ವೆಲ್ಡ್ ಮಾಡಿ ಕೂಡಿಸಿದರೆ ಆ ಕಾವಿಗೆ ಹದ ಕೆಟ್ಟು, ಬೆಸುಗೆಯ ಪಕ್ಕದಲ್ಲಿಯೇ ಅದು ಮತ್ತೆ ಮುರಿಯುತ್ತದೆ. ಬೇರೊಂದು ಹಳೆಯ ಸೀಟಿನಿಂದ ಅದೇ ಎತ್ತರದ, ಅದೇ ದಪ್ಪದ ತಂತಿಯ ಸುರುಳಿಯನ್ನು ತಂದು ಉಕ್ಕಿನ ಕ್ಲಿಪ್ಪಿನಿಂದ ಅಂಚಿನ ತಂತಿಗೆ ಬಿಗಿಯುವುದು ಸರಿಯಾದ ಕ್ರಮ. ಬಿಡಿ ಸುರುಳಿ ಸಿಗದಿದ್ದಾಗ, ಹೆಚ್ಚು ಸವೆಯದ ಪ್ರಯಾಣಿಕರ ಬದಿಯ ಸುರುಳಿಗಳನ್ನು ಚಾಲಕನ ಬದಿಗೆ ಅದಲುಬದಲು ಮಾಡುವವರಿದ್ದಾರೆ, ಅದು ವಿವೇಕದ ದಾರಿಯೇ. ಕುಸಿದ ಸುರುಳಿಯ ಹೊಟ್ಟೆಗೆ ಫೋಮಿನ ತುಂಡು ತುರುಕುವುದು ಮಾತ್ರ ತಾತ್ಕಾಲಿಕ ಸಮಾಧಾನ, ಹಿಂಡಿದ ಫೋಮು ತಾನೂ ಸೋತುಹೋಗುತ್ತದೆ. ಬಣ್ಣದ ವಿಷಯದಲ್ಲಿಯೂ ಸ್ಪ್ರಿಂಗಿಗೆ ತೆಳುವಾದ ಒಂದು ಕೋಟು ಸಾಕು. ದಪ್ಪ ಬಣ್ಣ ಬಾಗುವಿಕೆಯನ್ನು ತಾಳದೆ ಬಿರಿದು, ಬಿರುಕಿನಲ್ಲಿ ತೇವ ನಿಂತು ತುಕ್ಕಿಗೆ ದಾರಿಯಾಗುತ್ತದೆ.

ಸ್ಪ್ರಿಂಗಿನ ಮೇಲೆ ಬರುವ ಗೋಣಿಬಟ್ಟೆಯ ಪದರ ತಂತಿಯು ಮೇಲಿನ ಹತ್ತಿಯನ್ನು ಕೊಯ್ಯದಂತೆ ತಡೆಯುತ್ತದೆ. ಈ ಸಾಮಾನ್ಯ ಬಟ್ಟೆಯ ಹಿಂದೆ ಭಾರತದ ದುಡಿಮೆಯಿದೆ ಎಂಬುದನ್ನು ಅಮೆರಿಕದ ಟ್ರಕ್ಕಿನ ಚರಿತ್ರೆ ಬರೆಯುವವರು ಅಷ್ಟಾಗಿ ಗಮನಿಸುವುದಿಲ್ಲ: 1855ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ನಿಂತ ಮೇಲೆ ಹೂಗ್ಲಿಯ ದಂಡೆಯುದ್ದಕ್ಕೂ ಬೆಳೆದ ಗಿರಣಿಗಳಿಗೆ ಅಮೆರಿಕ ದೊಡ್ಡ ಗಿರಾಕಿಯಾಗಿತ್ತು. ಸಂಬಂಧ ಇನ್ನೊಂದು ದಿಕ್ಕಿನಲ್ಲಿಯೂ ಇತ್ತು. ಷೆವರ್ಲೆಯ ಒಡೆಯ ಕಂಪನಿಯಾದ ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ವಾಹನಗಳನ್ನು ಜೋಡಿಸಿ ಮಾರುತ್ತಿತ್ತು. ಕರ್ನಾಟಕದ ಲಾರಿ ನಿಲ್ದಾಣಗಳ ಆಸುಪಾಸಿನಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗಳಲ್ಲಿ ಕಾಣುವ ಕುಶನ್ ಅಂಗಡಿಗಳವರಿಗೆ ಮೇಲಿನ ಪದರಗಳ ಕ್ರಮವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಗೋಣಿಯನ್ನು ಚೌಕಟ್ಟಿಗೆ ಹಿಡಿದಿಡುವುದು ಹಾಗ್ ರಿಂಗ್ ಎಂಬ, ಒಂದು ಕಡೆ ಬಾಯಿ ತೆರೆದ ಸಣ್ಣ ಉಕ್ಕಿನ ಬಳೆ. ಅದನ್ನು ತುದಿಯಲ್ಲಿ ತೋಡು ಇರುವ ವಿಶೇಷ ಇಕ್ಕಳದಲ್ಲಿ ಇಟ್ಟು ಹಿಸುಕಿದರೆ ಎರಡು ಕೊನೆಗಳೂ ಬಟ್ಟೆ ಮತ್ತು ತಂತಿ ಎರಡನ್ನೂ ಸುತ್ತಿಕೊಂಡು ಮುಚ್ಚಿಕೊಳ್ಳುತ್ತವೆ. ಗೋಣಿಯ ಮೇಲೆ ಹತ್ತಿಯ ಹಾಸು, ಈಗಿನವರಾದರೆ ತೆಳುವಾದ ಫೋಮು, ಅದರ ಮೇಲೆ ಹೊದಿಕೆ. ಹಳೆಯ ಹೊದಿಕೆಯನ್ನು ಎಷ್ಟೇ ಹರಿದಿದ್ದರೂ ಎಸೆಯಬಾರದು: ಹೊಲಿಗೆ ಬಿಚ್ಚಿ, ತುಂಡುಗಳಿಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು, ಹರಡಿಟ್ಟರೆ ಹೊಸ ಬಟ್ಟೆಯನ್ನು ಕತ್ತರಿಸಲು ಅದಕ್ಕಿಂತ ನಿಖರವಾದ ಅಳತೆ ಮತ್ತೊಂದಿಲ್ಲ. ಕೊಳೆಯುವ ಹತ್ತಿದಾರದ ಬದಲು ಪಾಲಿಯೆಸ್ಟರ್ ದಾರ ಬಳಸಬೇಕು. ಸಿದ್ಧ ಹೊದಿಕೆಗಳೂ ಅಮೆರಿಕದಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ದಶಕಗಳ ಭಾರಕ್ಕೆ ಚೌಕಟ್ಟು ಅಷ್ಟಿಷ್ಟು ಓರೆಯಾಗಿರುವ ಸೀಟಿಗೆ, ಅದರದೇ ಹಳೆಯ ಹೊದಿಕೆಯಿಂದ ಅಳತೆ ತೆಗೆದು ಹೊಲಿದದ್ದು ಕೂರುವಷ್ಟು ಚೆನ್ನಾಗಿ ಅವು ಕೂರುವುದಿಲ್ಲ.

ಹೊದಿಕೆ ಗಟ್ಟಿಯಾಗಿದ್ದು ಬಣ್ಣ ಮಾತ್ರ ಮಾಸಿದ್ದರೆ ಮರುಬಣ್ಣದ ಮಾತು ಬರುತ್ತದೆ, ಅಲ್ಲಿಯವರೆಗೆ ಬರಬಾರದು. ನಮ್ಮಲ್ಲಿ ರೆಕ್ಸಿನ್ ಎಂದೇ ಕರೆಯುವ ವಿನೈಲ್ ಹೊದಿಕೆಯು ಬಟ್ಟೆಯ ಮೇಲೆ ಪಿವಿಸಿ ಪ್ಲಾಸ್ಟಿಕ್ ಲೇಪಿಸಿ ತಯಾರಿಸಿದ್ದು. ಪಿವಿಸಿ ಸ್ವಭಾವತಃ ಗಡಸು; 1926ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ ಅದಕ್ಕೆ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವ ಬೆರೆಸಿ ಮೆದುವಾಗಿಸುವ ದಾರಿ ಕಂಡುಕೊಂಡ. ಬಿಸಿಲಿಗೂ ಕಾವಿಗೂ ಆ ದ್ರವ ವರ್ಷಾನುಗಟ್ಟಲೆ ಆರಿಹೋಗಿ ರೆಕ್ಸಿನ್ ಮತ್ತೆ ಗಡಸಾಗುತ್ತದೆ, ಮಡಿಕೆಗಳಲ್ಲಿ ಬಿರಿಯುತ್ತದೆ. ಒಮ್ಮೆ ಹೊರಟುಹೋದ ಈ ಮೆದುತನವನ್ನು ಯಾವ ಬಣ್ಣವೂ ಮರಳಿ ತರಲಾರದು. ಅಂಥ ಹೊದಿಕೆಯನ್ನು ಬದಲಿಸುವುದೇ ಸರಿ.

ಚಿಕ್ಕ ಸೀಳು ಇದ್ದರೆ ಹಿಂಬದಿಯಿಂದ ಬಟ್ಟೆಯ ತೇಪೆ ಅಂಟಿಸಿ, ಮೇಲಿನಿಂದ ಬಾಗುವ ಗುಣದ ಮೇಣದಂಥ ಭರ್ತಿ ತುಂಬಬೇಕು. ಹಾಗೆ ತುಂಬಿದ ಜಾಗ ನುಣ್ಣಗೆ ಹೊಳೆದು ಎದ್ದು ಕಾಣುವುದರಿಂದ ನುರಿತವರು ಇಲ್ಲಿ ಒಂದು ಸೊಗಸಾದ ಉಪಾಯ ಮಾಡುತ್ತಾರೆ: ಸೀಟಿನ ಸವೆಯದ ಮೂಲೆಯ ಮೇಲೆ ಸಿಲಿಕೋನ್ ರಬ್ಬರ್ ಸುರಿದು, ಗಟ್ಟಿಯಾದ ಮೇಲೆ ಕಿತ್ತರೆ ಚರ್ಮದಂಥ ಗೆರೆಗಳ ಅಚ್ಚು ದೊರೆಯುತ್ತದೆ, ಅದನ್ನು ಹಸಿ ಭರ್ತಿಯ ಮೇಲೆ ಒತ್ತಿದರೆ ತೇಪೆಯ ಮೇಲೂ ಆ ಸೀಟಿನದೇ ಗೆರೆಗಳು ಮೂಡುತ್ತವೆ.

ವಿನೈಲ್ ಡೈ ಎಂದು ಮಾರಾಟವಾಗುವುದು ಬಟ್ಟೆಗೆ ಹಾಕುವಂಥ ಬಣ್ಣವಲ್ಲ, ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ತುಸು ಕರಗಿಸಿ ಅದಕ್ಕೆ ಕಚ್ಚಿಕೊಳ್ಳುವ, ಬಾಗಿದರೂ ಬಿರಿಯದ ತೆಳು ಬಣ್ಣ. ಅದು ನಿಲ್ಲುವುದೂ ಸುಲಿಯುವುದೂ ತೊಳೆಯುವುದರ ಮೇಲೆ ನಿಂತಿದೆ: ಸಾಬೂನು ನೀರಿನಿಂದ ಕೊಳೆ ತೆಗೆದು, ದ್ರಾವಕದಿಂದ ಹಳೆಯ ಪಾಲಿಶ್ ತೆಗೆದು, ಹೊಳಪು ಹೋಗುವಷ್ಟು ಹಗುರವಾಗಿ ಉಜ್ಜಿದ ಮೇಲೆಯೇ ಸಿಂಪಡಣೆ. ಪಟ್ಟಿಪಟ್ಟಿಯಾಗಿ ಹೊಲಿದ ಸೀಟಿನಲ್ಲಿ ಮಡಿಕೆಯ ಬುಡವನ್ನು ಕೈಯಿಂದ ಅಗಲಿಸಿ ಅಲ್ಲಿಗೆ ಮೊದಲು, ಉಬ್ಬಿಗೆ ಆಮೇಲೆ, ಮಂಜಿನಂತೆ ತೆಳುವಾಗಿ ಹಲವು ಕೋಟು ಕೊಟ್ಟು ಪ್ರತಿಯೊಂದನ್ನೂ ಒಣಗಲು ಬಿಡಬೇಕು. ಗಾಢ ಬಣ್ಣದ ಮೇಲೆ ತಿಳಿ ಬಣ್ಣ ತರುವುದು ಕಷ್ಟ, ಕೋಟು ಹೆಚ್ಚಿದಷ್ಟೂ ಗೆರೆಗಳು ತುಂಬಿಹೋಗುತ್ತವೆ. ಆದ್ದರಿಂದ ಮೂಲ ಬಣ್ಣಕ್ಕೇ, ಇಲ್ಲವೇ ಅದಕ್ಕಿಂತ ಗಾಢವಾದುದಕ್ಕೆ ನಿಲ್ಲುವುದು ಲೇಸು. ಮುಂದಿನ ದಿನಗಳಲ್ಲಿ ಸಿಲಿಕೋನ್ ಬೆರೆತ ಹೊಳಪಿನ ಪಾಲಿಶುಗಳನ್ನು ದೂರವಿಟ್ಟು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರೆ ಸಾಕು, ಏಕೆಂದರೆ ಸಿಲಿಕೋನ್ ಹತ್ತಿದ ರೆಕ್ಸಿನ್ನಿಗೆ ಮತ್ತೊಮ್ಮೆ ಬಣ್ಣ ಹಿಡಿಸುವುದು ಬಹಳ ಕಷ್ಟ.