ಕುದುರೆಮುಖದ ಕಲ್ಲು ಹೇಳುವ ಲೆಕ್ಕ

ನಮ್ಮ ರಿಪ್ಪನ್‌ಪೇಟೆ ಕಡೆ ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲು ಕೆಂಪಗಿರಲು ಕಾರಣ ಅದರೊಳಗಿನ ಕಬ್ಬಿಣ. ಲಕ್ಷಾಂತರ ವರ್ಷಗಳ ಮಳೆ ಬೇರೆ ಅಂಶಗಳನ್ನು ತೊಳೆದು, ಕಬ್ಬಿಣದ ಆಕ್ಸೈಡನ್ನು ಉಳಿಸಿದೆ. ಇದೇ ಮಲೆನಾಡಿನ ಕುದುರೆಮುಖದಲ್ಲಿ ಕಬ್ಬಿಣದ ರೂಪವೇ ಬೇರೆ. ಸಿವಿಲ್ ಬಿ.ಇ. ಓದುತ್ತಿರುವ ನನಗೆ ಜಿಯಾಲಜಿಯಲ್ಲಿ ತುಂಬಾ ಹಿಡಿಸಿದ ಉದಾಹರಣೆ ಅದು.

ಅಲ್ಲಿರುವುದು ಮ್ಯಾಗ್ನಟೈಟ್ ಕ್ವಾರ್ಟ್ಜೈಟ್. 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಕಬ್ಬಿಣ ಮತ್ತು ಸಿಲಿಕಾ ಪದರ ಪದರವಾಗಿ ಕೂತು, ಮುಂದೆ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಆದ ಕಲ್ಲಿದು. ಕಪ್ಪು ಪಟ್ಟಿ ಮ್ಯಾಗ್ನಟೈಟ್, ಬಿಳಿ ಪಟ್ಟಿ ಕ್ವಾರ್ಟ್ಜ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ನೆನಪಿಡಿ: ಪಿಂಗಾಣಿ ಬಿಲ್ಲೆಗೆ ಉಜ್ಜಿದರೆ ಮ್ಯಾಗ್ನಟೈಟ್ ಕಪ್ಪು ಗೀರು ಬಿಡುತ್ತದೆ, ಹೆಮಟೈಟ್ ಕೆಂಪು ಗೀರು.

ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಈ ಅದಿರನ್ನು 1913ರಲ್ಲೇ ಗುರುತಿಸಿದ್ದರು. ಗಣಿಗಾರಿಕೆಗೆ ಸರ್ಕಾರಿ ಕಂಪನಿ ಹುಟ್ಟಿದ್ದು 1976ರಲ್ಲಿ. ಅದಿರಿನಲ್ಲಿ ಕಬ್ಬಿಣ ಇದ್ದದ್ದು ಸುಮಾರು ಶೇ 38 ಮಾತ್ರ. ಹಾಗಾಗಿ ಕಲ್ಲನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದಿಂದ ಮ್ಯಾಗ್ನಟೈಟನ್ನು ಬೇರ್ಪಡಿಸಿ, ಸುಮಾರು ಶೇ 67 ಕಬ್ಬಿಣವಿರುವ ಪುಡಿ ಮಾಡುತ್ತಿದ್ದರು. ಅದನ್ನು ನೀರಿನಲ್ಲಿ ಕಲಸಿ 67 ಕಿ.ಮೀ. ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಎಂಜಿನಿಯರಿಂಗ್ ದೃಷ್ಟಿಯಲ್ಲಿ ಅದ್ಭುತವೇ.

ಈಗ ಲೆಕ್ಕ ಹಾಕಿ. 100 ಕೆ.ಜಿ. ಅದಿರಿನ ಕಬ್ಬಿಣವೆಲ್ಲ ಒಂದು ಚೂರೂ ಬಿಡದೆ ಸಿಕ್ಕಿದರೂ ಆಗುವ ಪುಡಿ 57 ಕೆ.ಜಿ. ಕಡಿಮೆಯೆಂದರೂ 43 ಕೆ.ಜಿ. ನುಣ್ಣನೆಯ ತ್ಯಾಜ್ಯ ಅಲ್ಲೇ ಉಳಿಯುತ್ತದೆ. ಅದನ್ನು ತಡೆದಿಡಲೆಂದೇ ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಕಟ್ಟಬೇಕಾಯಿತು. ಗಣಿ ಇದ್ದದ್ದು ಭದ್ರೆ ಹುಟ್ಟುವ ಕಾಡಿನಲ್ಲಿ. ವಿಪರೀತ ಮಳೆಗೆ ಅಗೆದ ಗುಡ್ಡದ ಮಣ್ಣು ನದಿ ಸೇರುತ್ತಿತ್ತು. ಪರಿಸರ ಹೋರಾಟದ ಬಳಿಕ 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು.

ಕೆಲಸ ಹುಡುಕುವ ನಮಗೆ ಗಣಿ ಮುಚ್ಚಿದ ಸುದ್ದಿ ಸಿಹಿಯಲ್ಲ. ಅದನ್ನೇ ನಂಬಿದ್ದ ಇಡೀ ಟೌನ್‌ಶಿಪ್ ಖಾಲಿಯಾಯಿತು. ಆದರೆ ಅದೇ ಭದ್ರೆಯ ನೀರು ಲಕ್ಕವಳ್ಳಿ ಜಲಾಶಯದಿಂದ ಶಿವಮೊಗ್ಗ, ದಾವಣಗೆರೆಯ ಗದ್ದೆಗಳಿಗೆ ಹರಿಯುತ್ತದೆ. ಅದೂ ಹಲವರ ಅನ್ನವೇ. ಗಣಿ ಆಗಲಿ, ರಸ್ತೆ ಆಗಲಿ, ನಾಳೆ ನಾವು ಯಾವ ಯೋಜನೆಗೆ ಸಹಿ ಹಾಕಿದರೂ 57ರ ಲಾಭದ ಜೊತೆಗೆ ಆ 43 ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಕೇಳೋಣ.