ತಟ್ಟೆ ಊರಿನದು, ಓದು ಹುಡುಗನದು

ಮನೆಯ ಅಟ್ಟದಿಂದ ಒಂದು ಇಲಿ ಸತ್ತು ಕೆಳಗೆ ಬಿದ್ದಿತೆಂದರೆ ಸಾಕು, ಹಳೇ ಮೈಸೂರು ಸೀಮೆಯ ಹಳ್ಳಿಗರು ಒಂದು ಕಾಲದಲ್ಲಿ ಊರನ್ನೇ ಬಿಟ್ಟು ಹೊರಡುತ್ತಿದ್ದರು. ಪಾತ್ರೆ ಪಡಗ, ರಾಗಿ ಮೂಟೆ, ದನ ಕರು, ಕೂಸು ಕಂದಮ್ಮಗಳ ಸಮೇತ ಹೊಲಕ್ಕೋ ತೋಟಕ್ಕೋ ಹೋಗಿ ಗರಿಯ ಗುಡಿಸಲು ಹಾಕಿಕೊಂಡು, ಮಾರಿ ತೊಲಗುವವರೆಗೆ ಅಲ್ಲೇ ಬಾಳುವೆ. ಆ ಮಾರಿಯ ಹೆಸರು ಪ್ಲೇಗು. 2020ರಲ್ಲಿ ಕೊರೊನಾ ಬಂದು ಊರೂರಿಗೆ ಬಾಗಿಲು ಹಾಕಿಸಿದಾಗ ‘ಇಂಥದ್ದನ್ನು ಹಿಂದೆಂದೂ ಕಂಡಿಲ್ಲ’ ಎಂದವರೇ ಹೆಚ್ಚು. ಆದರೆ ಹಾಸನ ಸೀಮೆ ಇದಕ್ಕಿಂತ ಘೋರವಾದುದನ್ನು ಕಂಡಿತ್ತು. ಆ ಘೋರದ ನಡುವೆ ಎಲ್ಲವನ್ನೂ ಕಳೆದುಕೊಂಡು, ಓದನ್ನು ಮಾತ್ರ ಕಳೆದುಕೊಳ್ಳದ ಒಬ್ಬ ಹುಡುಗನನ್ನೂ ಕಂಡಿತ್ತು.

ಇಲಿ, ಚಿಗಟ ಮತ್ತು ರೈಲು

ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ ಎಂಬ ವಿಜ್ಞಾನಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದು 1894ರಲ್ಲಿ. ಅದು ಹಡಗೇರಿ ಮುಂಬಯಿಗೆ ಬಂದದ್ದು 1896ರಲ್ಲಿ. ಅಲ್ಲಿಂದ ಜನರ ಓಡಾಟದ ಜೊತೆಗೇ ಒಳನಾಡಿಗೆ ಹರಡಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರು ತಲಪಿತು. ಮುಂದೆ ಹಲವು ದಶಕಗಳ ಕಾಲ ಅಲೆ ಅಲೆಯಾಗಿ ಮರುಕಳಿಸಿ, ಭಾರತವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮೈಸೂರು ಸೀಮೆಯ ಹಳ್ಳಿಗಳನ್ನು ಅದು 1940ರ ದಶಕದಲ್ಲೂ ಕಾಡುತ್ತಿತ್ತು.

ರೋಗ ಇಲಿಯಿಂದ ನೇರವಾಗಿ ಮನುಷ್ಯನಿಗೆ ಬರುವುದು ಕಡಿಮೆ. ತರುವುದು ಇಲಿಯ ಮೈಮೇಲಿನ ಚಿಗಟ. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಬಿಸಿ ರಕ್ತವನ್ನು ಹುಡುಕಿಕೊಂಡು ಮನುಷ್ಯನ ಮೇಲೇರುತ್ತವೆ. ಇದನ್ನು ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ. ಇಲಿ ಬಿದ್ದ ಕೂಡಲೇ ಮನೆ ಬಿಡುತ್ತಿದ್ದ ನಮ್ಮ ಹಳ್ಳಿಗರಿಗೆ ಚಿಗಟದ ಸಂಗತಿ ತಿಳಿಯದೆ ಇರಬಹುದು; ಅವರು ಮಾಡುತ್ತಿದ್ದುದು ಮಾತ್ರ ಸರಿಯಾಗಿಯೇ ಇತ್ತು. ಕಣ್ಣಾರೆ ಕಂಡು, ಕಂಡದ್ದನ್ನು ನೆನಪಿಟ್ಟುಕೊಂಡು, ಅದರಂತೆ ನಡೆಯುವುದೇ ಅಲ್ಲವೇ ವಿಜ್ಞಾನದ ಮೊದಲ ಪಾಠ?

ಸಂತೇಶಿವರದ ಹುಡುಗ

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಅಂಥದೊಂದು ಹಳ್ಳಿ. 1931ರಲ್ಲಿ ಅಲ್ಲಿ ಹುಟ್ಟಿದ ಹುಡುಗನೊಬ್ಬ ಎಳೆಯ ವಯಸ್ಸಿನಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡ. ಮನೆಯಲ್ಲಿ ಬಡತನ. ಕೈ ಹಿಡಿದು ನಡೆಸುವವರಿಲ್ಲ. ಪ್ರಾಥಮಿಕ ಶಿಕ್ಷಣವನ್ನು ತನ್ನ ತಾಲ್ಲೂಕಿನಲ್ಲೇ ಮುಗಿಸಿದ ಆತ ಮುಂದಿನ ಓದಿಗೆ ಮೈಸೂರಿನ ದಾರಿ ಹಿಡಿದ. ಹೊಟ್ಟೆಗೆ ವಾರಾನ್ನ, ಖರ್ಚಿಗೆ ಸಿಕ್ಕ ಸಣ್ಣಪುಟ್ಟ ಕೆಲಸ. ಆತನೇ ಮುಂದೆ ಕನ್ನಡದ ಮನೆಮಾತಾದ ಕಾದಂಬರಿಕಾರ ಎಸ್.ಎಲ್. ಭೈರಪ್ಪ.

ಭೈರಪ್ಪನವರ ಓದಿನ ದಾರಿ ನೇರವಾಗಿರಲಿಲ್ಲ ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಗಮನಿಸಬೇಕು. ಪ್ರೌಢಶಾಲೆಯಲ್ಲಿದ್ದಾಗಲೇ ಓದು ಬಿಟ್ಟು ಊರೂರು ಅಲೆದರು. ಮುಂಬಯಿ ಸೇರಿ ರೈಲು ನಿಲ್ದಾಣದಲ್ಲಿ ಕೂಲಿಯಾಗಿ ಹೊರೆ ಹೊತ್ತರು. ಸಾಧುಗಳ ಗುಂಪಿನೊಡನೆ ಕೆಲ ಕಾಲ ತಿರುಗಿದರು. ಆಮೇಲೆ ಮೈಸೂರಿಗೆ ಹಿಂದಿರುಗಿ, ಬಿಟ್ಟ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡರು. ತತ್ತ್ವಶಾಸ್ತ್ರದ ಎಂ.ಎ. ಪರೀಕ್ಷೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಚಿನ್ನದ ಪದಕ ಪಡೆದರು. ಬರೋಡದಲ್ಲಿ ‘ಸತ್ಯ ಮತ್ತು ಸೌಂದರ್ಯ’ ಎಂಬ ವಿಷಯದ ಮೇಲೆ ಡಾಕ್ಟರೇಟ್ ಮಾಡಿದರು. ಹುಬ್ಬಳ್ಳಿ, ಗುಜರಾತ್, ದೆಹಲಿಗಳಲ್ಲಿ ಕೆಲಸ ಮಾಡಿ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜಿನಲ್ಲಿ ಅಧ್ಯಾಪಕರಾಗಿ 1991ರಲ್ಲಿ ನಿವೃತ್ತರಾದರು. ಪ್ಲೇಗಿನ ದಿನಗಳ ಆ ಬಾಳುವೆ 1970ರ ‘ಗೃಹಭಂಗ’ ಕಾದಂಬರಿಯಲ್ಲಿದೆ. ತಮ್ಮದೇ ಕಥೆಯನ್ನು ಅವರು 1996ರಲ್ಲಿ ‘ಭಿತ್ತಿ’ ಎಂಬ ಆತ್ಮಕಥೆಯಾಗಿ ಬರೆದರು. 2023ರಲ್ಲಿ ಪದ್ಮಭೂಷಣ ಬಂತು. 2025ರ ಸೆಪ್ಟೆಂಬರ್ 24ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಒಂದು ವರ್ಷ ಓದು ತಪ್ಪಿತೆಂದರೆ ಬದುಕೇ ತಪ್ಪಿಹೋಯಿತು ಎಂದು ತಿಳಿಯುವ ತಂದೆ ತಾಯಿಗಳು ಈ ಬಾಳಿನ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು. ತಡವಾದದ್ದು ನಿಜ, ಕೆಟ್ಟದ್ದೇನೂ ಇಲ್ಲ.

ವಾರಾನ್ನದ ಲೆಕ್ಕ

ಇಂಥವರ ಕಥೆ ಹೇಳುವಾಗ ‘ಯಾರ ಹಂಗೂ ಇಲ್ಲದೆ ಮೇಲೆ ಬಂದರು’ ಎನ್ನುವುದು ವಾಡಿಕೆ. ಆ ಮಾತು ಪೂರ್ತಿ ನಿಜವಲ್ಲ. ವಾರಾನ್ನವೆಂದರೆ ಏನು? ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳು ಒಬ್ಬ ಹುಡುಗನ ಊಟವನ್ನು ಹಂಚಿಕೊಳ್ಳುವ ಏರ್ಪಾಡು. ಯಾವ ಮನೆಗೂ ಹೊರೆಯಾಗದಂತೆ, ಹುಡುಗ ಉಪವಾಸ ಬೀಳದಂತೆ ಹಿರಿಯರು ಕಂಡುಕೊಂಡಿದ್ದ ಉಪಾಯವಿದು. ಅದಕ್ಕೊಂದು ಮಿತಿಯೂ ಇತ್ತು: ವಾರಾನ್ನ ಬಹುಮಟ್ಟಿಗೆ ಜಾತಿಯ ಗೆರೆಯೊಳಗೇ ನಡೆಯಿತು. ಆ ಗೆರೆಯಾಚೆಯ ಮಕ್ಕಳ ಹಸಿವಿಗೆ ಉಚಿತ ವಿದ್ಯಾರ್ಥಿನಿಲಯಗಳು, ಮಠಗಳ ದಾಸೋಹಗಳು, ಮುಂದೆ ಸರ್ಕಾರಿ ಹಾಸ್ಟೆಲುಗಳು ಬರಬೇಕಾಯಿತು.

ಸ್ವಾವಲಂಬನೆಯೆಂದರೆ ಒಂಟಿಯಾಗಿ ನಿಲ್ಲುವುದೆಂದು ಮಕ್ಕಳಿಗೆ ಹೇಳಿಕೊಡುವುದು ತಪ್ಪು. ತಟ್ಟೆ ಏಳು ಮನೆಯದಾಗಿತ್ತು. ತಟ್ಟೆ ತೊಳೆದಿಟ್ಟ ಮೇಲೆ ಪುಸ್ತಕ ಹಿಡಿದು ಕೂರಬೇಕಾದವನು ಹುಡುಗನೇ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಭೈರಪ್ಪನವರ ಓದು ಸಾಗುತ್ತಿರಲಿಲ್ಲ.

ಪ್ಲೇಗಿನ ಕಾಲದ ಇನ್ನೊಂದು ಕಥೆ ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. 1665ರಲ್ಲಿ ಇಂಗ್ಲೆಂಡಿನಲ್ಲಿ ಪ್ಲೇಗು ಬಂದು ಕೇಂಬ್ರಿಜ್ ಮುಚ್ಚಿದಾಗ ಐಸಾಕ್ ನ್ಯೂಟನ್ ತನ್ನ ಹಳ್ಳಿ ವೂಲ್ಸ್‌ತೋರ್ಪ್‌ಗೆ ಮರಳಿದ. ಅಲ್ಲಿ ಗಣಿತ, ಬೆಳಕು, ಗುರುತ್ವಗಳ ಬಗ್ಗೆ ಆಳವಾಗಿ ಚಿಂತಿಸಿದ. ಸೇಬು ಬಿತ್ತು, ಸಿದ್ಧಾಂತ ಸಿಕ್ಕಿತು ಎಂದು ಕಥೆ ಮುಗಿಸಿಬಿಡುವವರುಂಟು. ‘ಪ್ರಿನ್ಸಿಪಿಯಾ’ ಗ್ರಂಥ ಅಚ್ಚಾದದ್ದು 1687ರಲ್ಲಿ. ನಡುವಿನ ಇಪ್ಪತ್ತು ವರ್ಷ ಆತ ಲೆಕ್ಕ ಮಾಡುತ್ತ, ಮಾಡಿದ್ದನ್ನು ತಿದ್ದುತ್ತ ಕಳೆದ. ಊರಿನಲ್ಲಿ ಮನೆ, ಜಮೀನು ಇದ್ದುದರಿಂದ ಆ ಬಿಡುವು ಅವನಿಗೆ ದಕ್ಕಿತು ಎಂಬುದನ್ನೂ ಮರೆಯಬಾರದು.

ಮತ್ತೆ ಮುಂಬಯಿ, ಮತ್ತೆ ಚನ್ನರಾಯಪಟ್ಟಣ

ಚನ್ನರಾಯಪಟ್ಟಣ ಮತ್ತು ಪಕ್ಕದ ಕೆ.ಆರ್. ಪೇಟೆ ಕಡೆಯ ಬಹಳ ಮಂದಿ ದುಡಿಮೆ ಹುಡುಕಿ ಮುಂಬಯಿ ಸೇರಿದವರು. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಅವರ ಕೆಲಸ ಹೋಯಿತು, ಊರಿನ ನೆನಪಾಯಿತು. ಅಲ್ಲಿಯವರೆಗೆ ಸೋಂಕಿಲ್ಲದೆ ಹಸಿರು ವಲಯವಾಗಿದ್ದ ಹಾಸನ ಜಿಲ್ಲೆಯಲ್ಲಿ ಮೊದಲ ಪ್ರಕರಣಗಳು ಗೊತ್ತಾದದ್ದು ಮೇ 12ರಂದು, ಮುಂಬಯಿಯಿಂದ ಚನ್ನರಾಯಪಟ್ಟಣಕ್ಕೆ ಮರಳಿದ ಐವರಲ್ಲಿ. 1896ರಂತೆ ಈ ಸಲವೂ ಮಾರಿ ಮುಂಬಯಿ ದಾರಿಯಲ್ಲೇ ಬಂದಿತ್ತು. ಊರಿಗೆ ಬಂದವರನ್ನು ದೂಷಿಸುವುದು ಸುಲಭ. ದುಡಿದು ಮನೆಗೆ ಹಣ ಕಳಿಸುತ್ತಿದ್ದಾಗ ಬೇಕಾಗಿದ್ದವರು, ಬರಿಗೈಲಿ ಬಂದಾಗ ಬೇಡವಾದರೆ ಅದೆಂಥ ನ್ಯಾಯ?

ಊರಲ್ಲಿದ್ದವರ ಕೆಲಸ ಆಗಲೂ ನಿಲ್ಲುವಂತಿರಲಿಲ್ಲ. ಹಸು ಲಾಕ್‌ಡೌನ್ ಅರಿಯದು. ಬೆಳಿಗ್ಗೆ ಸಂಜೆ ಹಾಲು ಕರೆಯಲೇಬೇಕು, ಡೈರಿಗೆ ಹಾಕಲೇಬೇಕು. ಹೋಟೆಲು, ಮದುವೆಗಳು ನಿಂತು ಹಾಲು ಉಳಿದಾಗ ರಾಜ್ಯ ಸರ್ಕಾರ ಅದನ್ನು ಕೊಂಡು ಬಡವರಿಗೆ ಉಚಿತವಾಗಿ ಹಂಚಿತು. ಹಾಸನದ ಮುಂಗಾರು ಆಲೂಗಡ್ಡೆಗೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಬರಬೇಕು. ಮೇ ತಿಂಗಳು ತಪ್ಪಿದರೆ ಬೆಳೆ ತಪ್ಪಿದಂತೆ. ಹೊಳೆನರಸೀಪುರದ ಗದ್ದೆಯಲ್ಲಿ, ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ ಕೆಲಸ ತನ್ನ ಕಾಲಕ್ಕೆ ಆಗಲೇಬೇಕಿತ್ತು. ಬೆಂಗಳೂರಿನ ಕೆಲಸ ಕಳೆದುಕೊಂಡು ಬಂದ ಎಷ್ಟೋ ಪದವೀಧರ ಯುವಕರು ಆ ವರ್ಷ ಗುದ್ದಲಿ ಹಿಡಿದರು. ಉದ್ಯೋಗ ಖಾತ್ರಿಯ ಕೂಲಿ 2020ರ ಏಪ್ರಿಲ್‌ನಿಂದ ದಿನಕ್ಕೆ 275 ರೂಪಾಯಿಯಾಗಿತ್ತು. ಕೆರೆಯ ಹೂಳೆತ್ತಿ, ಬದು ಹಾಕಿ ಆ ಕೂಲಿಯನ್ನು ಮನೆಗೆ ತಂದದ್ದರಲ್ಲಿ ನಾಚಿಕೆಪಡುವಂಥದು ಏನೂ ಇರಲಿಲ್ಲ. ಅಂದು ಗುದ್ದಲಿ ಹಿಡಿದ ಕೈ ಮರುವರ್ಷ ಕಂಪ್ಯೂಟರ್ ಮುಟ್ಟಬಾರದೆಂಬ ಕಟ್ಟಳೆಯೂ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹುಟ್ಟಿದ್ದು ಇಂಥ ನೆಲದಲ್ಲೇ.

ಪಾಠ ನಿಂತಾಗ ಪರೀಕ್ಷೆ

ಮಕ್ಕಳ ಪಾಡು ಬೇರೆ. ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಯಿತು. 2019ರಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಿದ್ದ ಹಾಸನ ಜಿಲ್ಲೆಗೆ ಅದು ಮಾನದ ಪ್ರಶ್ನೆಯೂ ಆಗಿತ್ತು. ಕೊನೆಗೆ ಜೂನ್ 25ರಂದು ಪರೀಕ್ಷೆ ಶುರುವಾಯಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ದರು. ಬಾಗಿಲಲ್ಲಿ ಮೈಬಿಸಿ ನೋಡುವವರು, ಕೈಗೆ ಸ್ಯಾನಿಟೈಸರ್, ಬಾಯಿಗೆ ಮಾಸ್ಕ್, ದೂರ ದೂರದ ಡೆಸ್ಕು. ಹಾಸ್ಟೆಲು ಮುಚ್ಚಿ ಊರಿಗೆ ಮರಳಿದ್ದ ಮಕ್ಕಳಿಗೆ ತಾವಿದ್ದಲ್ಲಿನ ಹತ್ತಿರದ ಕೇಂದ್ರದಲ್ಲೇ ಬರೆಯಲು ಅವಕಾಶ ಕೊಡಲಾಯಿತು. ಮೂರು ತಿಂಗಳು ತರಗತಿಯಿಲ್ಲದೆ, ಮೇಷ್ಟರ ಮುಖ ಕಾಣದೆ ತಾವೇ ಓದಿಕೊಂಡ ಮಕ್ಕಳ ಆ ವರ್ಷದ ಪಾಸು ಅಂಕಪಟ್ಟಿಗಿಂತ ದೊಡ್ಡದು.

2020ರ ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭವಾಗಿ, ಶಿಕ್ಷಕರೇ ಹಳ್ಳಿಗೆ ಹೋಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತು, 2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಶಾಲೆ ಕಾಲೇಜು ತೆರೆದವು. ಒಂದೇ ಮೊಬೈಲಿಗೆ ಮನೆಯ ಮೂವರು ಮಕ್ಕಳು ಸರದಿ ಕಾದದ್ದು, ಸಿಗ್ನಲ್‌ಗಾಗಿ ದಿಣ್ಣೆ ಹತ್ತಿ ಕೂತದ್ದು ಎಲ್ಲರಿಗೂ ನೆನಪಿದೆ. ಪಕ್ಕದ ಮನೆಯ ಟಿ.ವಿ. ಮುಂದೆ ಬೀದಿಯ ಮಕ್ಕಳೆಲ್ಲ ಕುಳಿತು ಪಾಠ ಕೇಳಿದ ಕಡೆ, ಆ ಮನೆಯವರು ತಮಗರಿವಿಲ್ಲದೆಯೇ ವಾರಾನ್ನ ಹಾಕಿದ್ದರು. ಬಡಿಸಿದ್ದು ಅನ್ನದ ಬದಲು ಪಾಠ, ಅಷ್ಟೆ.

ಅಂದಿನ ಅನಾಥ, ಇಂದಿನ ಅನಾಥ

2021ರ ಬೇಸಿಗೆಯ ಎರಡನೆಯ ಅಲೆ ಹಾಸನ ಜಿಲ್ಲೆಯನ್ನೂ ಬಿಡಲಿಲ್ಲ. ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಜುಲೈ 19 ಮತ್ತು 22ರ ಎರಡೇ ದಿನಗಳಲ್ಲಿ ಮುಗಿಯಿತು. ಪರೀಕ್ಷೆ ಹೋದರೆ ಮತ್ತೆ ಬರೆಯಬಹುದು. ಆ ಅಲೆಯಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಏನು ಹೇಳುವುದು? ಸಂತೇಶಿವರದ ಹುಡುಗನ ಕಥೆ ಅವರ ಮನೆಗಳಲ್ಲಿ ಮತ್ತೆ ನಡೆದಿತ್ತು.

ಈ ಸಲ ತಟ್ಟೆ ಇಡುವ ಹೊಣೆಯನ್ನು ಸರ್ಕಾರವೂ ಹೊತ್ತಿತು. 2021ರ ಮೇ ಕೊನೆಯಲ್ಲಿ ಘೋಷಣೆಯಾದ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಲ್ಲಿ ಕೋವಿಡ್‌ನಿಂದ ಅನಾಥರಾದ ಮಕ್ಕಳ ಪಾಲನೆಗೆ ತಿಂಗಳಿಗೆ 3,500 ರೂಪಾಯಿ, ಮಾದರಿ ವಸತಿ ಶಾಲೆಗಳಲ್ಲಿ ಉಚಿತ ಶಿಕ್ಷಣ, ಹತ್ತನೇ ತರಗತಿ ಮುಗಿಸಿದವರಿಗೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಕೊಡುವ ಮಾತಿತ್ತು. ಕೇಂದ್ರದ ಪಿ.ಎಂ. ಕೇರ್ಸ್ ಯೋಜನೆಯಲ್ಲಿ ಅಂಥ ಮಗುವಿಗೆ 23 ವರ್ಷ ತುಂಬುವಾಗ 10 ಲಕ್ಷ ರೂಪಾಯಿ ಸಿಗುವ ಏರ್ಪಾಡಾಯಿತು. ಜಾತಿಯ ಗೆರೆ ಇಲ್ಲಿಲ್ಲ. ವಾರಾನ್ನದ ಕಾಲದಿಂದ ನಾಡು ಅಷ್ಟರಮಟ್ಟಿಗೆ ಮುಂದೆ ಬಂದಿದೆ.

ಆದರೆ ಯೋಜನೆ ತಾನಾಗಿ ಮನೆಗೆ ನಡೆದು ಬರುವುದಿಲ್ಲ. ಮರಣ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಶಾಲೆಯ ದಾಖಲೆಗಳನ್ನು ಜೋಡಿಸಿಕೊಟ್ಟು, ಮಗುವಿನ ಜೊತೆ ಕಚೇರಿಗೆ ಹೋಗುವ ಒಬ್ಬ ಹಿರಿಯ ಬೇಕು. ಅದು ಚಿಕ್ಕಪ್ಪ ಆಗಬಹುದು, ನೆರೆಮನೆಯವರಾಗಬಹುದು, ಶಾಲೆಯ ಮೇಷ್ಟರಾಗಬಹುದು. ಕಾರಣ ಕೊರೊನಾ ಆಗಿರಲಿ, ಬೇರೆಯದಾಗಿರಲಿ, ಆಸರೆ ತಪ್ಪಿದ ಯಾವ ಮಗುವಿನ ವಿಷಯದಲ್ಲೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದು ಇಷ್ಟೆ. ಶಾಲೆ ನಡೆಯಲಿ, ನಿಲ್ಲಲಿ, ದಿನಕ್ಕೆ ಎರಡು ಗಂಟೆ ಹೊತ್ತು ಗೊತ್ತುಮಾಡಿಕೊಂಡು ಓದಿ. ಹಾಲು ಕರೆಯುವುದೋ, ಹೊಲಿಗೆಯೋ, ವೈರಿಂಗೋ, ಕೈಗೆ ಒಂದು ಕೆಲಸ ಕಲಿತಿರಿ. ಕಷ್ಟ ಬಂದಾಗ ನೆರವು ಕೇಳಲು ಸಂಕೋಚ ಬೇಡ. ಪಡೆದ ನೆರವಿಗೆ ಓದಿನಿಂದ ಲೆಕ್ಕ ಒಪ್ಪಿಸಿ. ಪಾಲಕರ ಪಾಲಿನದೂ ಚಿಕ್ಕದೇ: ಒಂದು ವರ್ಷ ಹಿಂದೆ ಬಿದ್ದ ಮಗುವನ್ನು ಹಂಗಿಸಬೇಡಿ, ಓದು ಬಿಡಿಸಬೇಡಿ. ನಿಮ್ಮ ಬೀದಿಯಲ್ಲಿ ಆಸರೆ ತಪ್ಪಿದ ಮಗುವೊಂದಿದ್ದರೆ ವಾರಕ್ಕೊಂದು ದಿನ ಅದನ್ನು ಮನೆಗೆ ಕರೆದು ಊಟ ಹಾಕಿ, ಪಾಠ ಎಲ್ಲಿಯವರೆಗೆ ಬಂತು ಎಂದು ವಿಚಾರಿಸಿ. ಉಳಿದ ಆರು ದಿನಕ್ಕೆ ಇನ್ನಾರು ಮನೆಗಳು ಹತ್ತಿರದಲ್ಲೇ ಇರುತ್ತವೆ.