ಹಳೆಯ ಸೆರಗಿನ ಚಿತ್ರದಿಂಬು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ತಾಲೂಕುಗಳ ಯಾವ ಮನೆಯಲ್ಲಿಯಾದರೂ ಹಿರಿಯರ ಟ್ರಂಕನ್ನು ತೆರೆದು ನೋಡಿದರೆ, ಅದರ ತಳದಲ್ಲಿ ಒಂದೆರಡು ಹಳೆಯ ಇಲಕಲ್ಲ ಸೀರೆಗಳು ದೊರೆಯದೆ ಇರುವುದು ವಿರಳ. ಅವುಗಳ ಸ್ಥಿತಿಯು ಬಹುಮಟ್ಟಿಗೆ ಒಂದೇ ತೆರನಾಗಿರುವುದು. ಒಡಲು ಮಡಿಕೆಗಳಲ್ಲಿ ಹಿಂಜಿ ಹೋಗಿರುವುದು. ದಡಿಯೂ ಸೆರಗೂ ಮಾತ್ರ ಇನ್ನೂ ಗಟ್ಟಿಯಾಗಿ ಉಳಿದಿರುವುವು. ಉಡುವಂತಿಲ್ಲ, ಚೆಲ್ಲುವಂತಿಲ್ಲ. ಉಟ್ಟವರು ಹೋಗಿರುವರು, ಸೀರೆಯು ಉಳಿದಿರುವುದು. ಕಡೆಗೆ ಒಂದು ದಿನ ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವರು ಓಣಿಗೆ ಬಂದಾಗ, ಒಂದು ಡಬರಿಗೋ ಬುಟ್ಟಿಗೋ ಅದು ವಿನಿಮಯವಾಗಿ ಬಿಡುವುದು. ಈ ವ್ಯಾಪಾರದಲ್ಲಿ ಮನೆಗೆ ಲಾಭವಾಯಿತೆಂದು ನಮಗೆ ಎಂದೂ ಅನಿಸಿಲ್ಲ.

ಜೀರ್ಣವಸ್ತ್ರವನ್ನು ತ್ಯಜಿಸುವ ದೃಷ್ಟಾಂತವು ಗೀತೆಯಿಂದ ಸರ್ವರಿಗೂ ಪರಿಚಿತವಾಗಿದೆ. ಆತ್ಮದ ವಿಷಯಕ್ಕೆ ಅದು ಸರಿಯೇ. ಆದರೆ ವಸ್ತ್ರದ ವಿಷಯದಲ್ಲಿ ನಮ್ಮ ಅಜ್ಜಿಯರು ಅದನ್ನು ಒಪ್ಪಿದವರಲ್ಲ. ಹರಿದ ಸೀರೆ, ಸವೆದ ಧೋತರ, ಕೂಸಿನ ಅಂಗಿ ಇವೆಲ್ಲವೂ ಪದರದ ಮೇಲೆ ಪದರವಾಗಿ ಕೂಡಿ, ದಪ್ಪ ದಾರದ ಸಾಲು ಹೊಲಿಗೆಯಿಂದ ಬಿಗಿದು, ಕೌದಿಯಾಗಿ ಮತ್ತೆ ಹತ್ತಿಪ್ಪತ್ತು ವರ್ಷ ಬಾಳುತ್ತಿದ್ದುವು. ಚಳಿಗಾಲದಲ್ಲಿ ಅದನ್ನು ಹೊದ್ದ ಹುಡುಗರು, ಇದು ಅಜ್ಜನ ರುಮಾಲು, ಇದು ಅತ್ತೆಯ ಕುಪ್ಪಸ ಎಂದು ತುಂಡುಗಳನ್ನು ಗುರುತಿಸುತ್ತ ನಿದ್ರೆ ಹೋಗುತ್ತಿದ್ದರು. ಈಗ ಪೇಟೆಯ ಹಗುರಾದ ರಗ್ಗುಗಳು ಬಂದು ಕೌದಿಯನ್ನು ಅಟ್ಟಕ್ಕೇರಿಸಿವೆ. ಪಡಸಾಲೆಯ ಗಾದಿ, ಲೋಡುಗಳ ಸ್ಥಳದಲ್ಲಿ ಸೋಫಾ ಬಂದು ಕುಳಿತಿದೆ. ಅದರ ಮೇಲಿಡಲು ಎಲ್ಲಿಯೋ ಹೊಲಿದ, ಯಾರ ಮನೆಗೂ ಸೇರದ ಚಿತ್ರಗಳುಳ್ಳ ಸಣ್ಣ ದಿಂಬುಗಳನ್ನು ಹಣ ಕೊಟ್ಟು ತರುತ್ತೇವೆ. ಪೆಟ್ಟಿಗೆಯೊಳಗಿನ ಸೆರಗು ಪಾತ್ರೆಯವನ ಪಾಲು, ಸೋಫಾದ ಮೇಲೆ ಪರಕೀಯ ದಿಂಬು ಎಂಬ ಈ ವಿಪರೀತವನ್ನು ಕಂಡು, ಆ ಸೆರಗನ್ನೇ ದಿಂಬಿನ ಮುಖಕ್ಕೆ ತರುವ ಕ್ರಮವನ್ನು ಇಲ್ಲಿ ಬರೆಯಲು ಉದ್ಯುಕ್ತರಾಗಿದ್ದೇವೆ.

ಪಾಠ ಹೇಳಿದ ಮಾಸ್ತರನು ಸೂಜಿಯ ವಿಷಯ ಬರೆಯುವುದೇಕೆಂದು ವಾಚಕರು ನಗಬಹುದು. ದಿಂಬಿಗೆ ಅಮರಕೋಶದಲ್ಲಿ ಉಪಧಾನ, ಉಪಬರ್ಹ ಎಂಬ ಎರಡು ಹೆಸರುಗಳುಂಟು. ವಾತ್ಸ್ಯಾಯನನು ಎಣಿಸಿದ ಅರವತ್ತುನಾಲ್ಕು ಕಲೆಗಳಲ್ಲಿ ಸೂಜಿಯ ಕೆಲಸವೂ ಒಂದು, ಹಾಸಿಗೆಯನ್ನು ಅಣಿಗೊಳಿಸುವುದೂ ಒಂದು. ಅಷ್ಟು ದೂರ ಹೋಗುವುದೇತಕ್ಕೆ? ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ವಚನಕಾರರಿದ್ದರು. ಸೂಜಿಯೇ ಅವರ ಹೆಸರಿನ ಮೊದಲ ಭಾಗವಾಯಿತು. ಈ ನಾಡಿನಲ್ಲಿ ಸೂಜಿಯನ್ನು ಕೇವಲ ಹೆಂಗಸರ ಕೆಲಸವೆಂದು ಕಡೆಗಣಿಸುವವರು ನಮ್ಮ ಮಾತಿಗಿಂತ ಆ ಹೆಸರಿಗೆ ಉತ್ತರ ಹೇಳಲಿ.

ಒಂದು ಬಟ್ಟೆಯ ಮೇಲೆ ಇನ್ನೊಂದು ಬಟ್ಟೆಯ ತುಂಡನ್ನಿಟ್ಟು ಅಂಚು ಹೊಲಿದು ಚಿತ್ರ ಮೂಡಿಸುವುದಕ್ಕೆ ಇಂದಿನ ಹೊಲಿಗೆಯ ಶಾಲೆಗಳಲ್ಲಿ ಅಪ್ಲಿಕ್ ಎನ್ನುವರು. ನಮ್ಮವರು ಅದನ್ನು ತೇಪೆ ಎಂದರು, ಅಷ್ಟೇ ಭೇದ. ತೇಪೆಯೆಂದರೆ ಬಡತನದ ಗುರುತೆಂದು ಭಾವಿಸುವವರು ನಮ್ಮ ತಾಂಡಾಗಳಿಗೆ ಹೋಗಿ ಲಂಬಾಣಿ ಹೆಣ್ಣುಮಕ್ಕಳ ಹಳೆಯ ಫೇಟಿಯಾ, ಕಾಂಚಳಿಗಳನ್ನು ನೋಡಬೇಕು. ಕೆಂಪು ನೀಲಿಯ ಚೌಕಗಳು, ತ್ರಿಕೋಣಗಳು, ನಡುನಡುವೆ ಕನ್ನಡಿ, ಕವಡೆ. ಒಂದು ತುಂಡೂ ಅಸ್ಥಾನದಲ್ಲಿಲ್ಲ. ಸಂಡೂರಿನ ಲಂಬಾಣಿ ಮಹಿಳೆಯರ ಇಂಥ ೧,೭೫೫ ವಸ್ತುಗಳನ್ನು ೨೦೨೩ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಒಂದೆಡೆ ಪ್ರದರ್ಶಿಸಿದಾಗ ಅದು ಗಿನ್ನೆಸ್ ದಾಖಲೆಗೆ ಸೇರಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಂಗಸರು ತಮ್ಮ ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ಮಧ್ಯಕ್ಕೆ ಬರುವರು. ನಾಲ್ಕು ಮೂಲೆಗಳಿಗೆ ಬಟ್ಟೆಯ ಹೂವಿಡದೆ ಕೆಲಸ ಮುಗಿಯಿತೆನ್ನುವುದಿಲ್ಲ. ಆದುದರಿಂದ ತೇಪೆಯ ವಿದ್ಯೆಯನ್ನು ನಾವು ಯಾರಿಂದಲೂ ಹೊಸದಾಗಿ ಕಲಿಯಬೇಕಾಗಿಲ್ಲ. ಹೊಸದು ಯಂತ್ರ ಮಾತ್ರ.

ಅದೂ ಬಹಳ ಹೊಸದಲ್ಲ. ಸೂಜಿಯ ಮೊನೆಯ ಹತ್ತಿರವೇ ಕಣ್ಣಿಟ್ಟು, ಮೇಲಿನ ದಾರವನ್ನು ಕೆಳಗಿನ ದಾರದೊಡನೆ ಬಟ್ಟೆಯ ನಡುವೆ ಹೆಣೆಯುವ ಯಂತ್ರಕ್ಕೆ ಅಮೇರಿಕೆಯ ಎಲಾಯಸ್ ಹೋವ್ ಎಂಬವನು ೧೮೪೬ರಲ್ಲಿ ಹಕ್ಕುಪತ್ರ ಪಡೆದನು. ೧೮೫೧ರಲ್ಲಿ ಐಸಾಕ್ ಸಿಂಗರನು ತನ್ನ ಯಂತ್ರವನ್ನು ತಂದನು. ಯಂತ್ರಗಳ ಹುಚ್ಚನ್ನು ವಿರೋಧಿಸಿದ ಗಾಂಧೀಜಿಯವರು ಕೂಡ ೧೯೨೪ರ ‘ಯಂಗ್ ಇಂಡಿಯಾ’ದಲ್ಲಿ ಹೊಲಿಗೆಯ ಯಂತ್ರವೊಂದನ್ನು ಅಪವಾದವಾಗಿ ಬಿಟ್ಟರು. ಹೆಂಡತಿಯು ಕೈಯಿಂದ ಹೊಲಿಯುವ ಬೇಸರವನ್ನು ಕಂಡು, ಆಕೆಯ ಮೇಲಿನ ಪ್ರೀತಿಯಿಂದ ಸಿಂಗರನು ಅದನ್ನು ಮಾಡಿದನೆಂಬುದು ಅವರು ಕೊಟ್ಟ ಕಾರಣ.

ಇಲ್ಲಿ ನಮ್ಮ ಕಡೆಯ ಹಿರಿಯ ತಾಯಂದಿರು ಒಂದು ಆಕ್ಷೇಪವನ್ನು ತರುವರು: ಯಂತ್ರದ ಹೆಣಿಗೆಯು ಕಸೂತಿಗೆ ಸಮನಾದೀತೇ? ಆಗಲಾರದು, ಆಗಬೇಕಾಗಿಯೂ ಇಲ್ಲ. ನೇರ ಗೆರೆಯ ಗಾವಂತಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರಗಿ, ನೇಯ್ದಂತೆ ಕಾಣುವ ನೇಯ್ಗಿ, ಅಡ್ಡಗೆರೆಗಳ ಮೆಂತ್ಯೆ ಇವುಗಳನ್ನು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವರು. ಗಾವಂತಿ, ಮುರಗಿಗಳಲ್ಲಿ ಒಂದೇ ದಾರವು ಗಂಟಿಲ್ಲದೆ ಹೋಗಿ, ಬಿಟ್ಟ ಸ್ಥಳವನ್ನು ತುಂಬುತ್ತ ಹಿಂದಿರುಗುವುದು. ಎರಡು ಮೈಯೂ ಒಂದೇ ರೂಪವಾಗಿರುವುದು. ಯಂತ್ರಕ್ಕೆ ಎಳೆ ಎಣಿಸುವ ಕಣ್ಣಿಲ್ಲ. ಆದರೆ ಎರಡು ಮೈಯ ಅಂದವು ಬೇಕಾದದ್ದು ಗಾಳಿಗೆ ಹಾರುವ ಸೆರಗಿಗೆ, ಕೂಸಿನ ಕುಲಾವಿಗೆ. ದಿಂಬಿನ ಒಳಮೈಯನ್ನು ಕಾಣುವವರಾರು? ಅರಳೆಗೆ ಕಣ್ಣಿಲ್ಲವಷ್ಟೆ. ಒಂದು ಮೈ ಮಾತ್ರ ಹೊರಗೆ ಕಾಣುವ ಈ ಪದಾರ್ಥವು ಯಂತ್ರಕ್ಕೆ ಒಪ್ಪುವಷ್ಟು ಬೇರಾವುದೂ ಒಪ್ಪುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಆದರೆ ಎಲ್ಲಕ್ಕಿಂತ ಮೊದಲಿನ ಪ್ರಶ್ನೆಯು ಸೂಜಿಯದಲ್ಲ, ಕತ್ತರಿಯದು. ತೀರಿಕೊಂಡ ತಾಯಿಯ ಸೀರೆಗೆ ಕತ್ತರಿ ಹಾಕಬಹುದೇ? ನಮಗೆ ಪರಿಚಿತವಾದ ಬಾಗೇವಾಡಿಯ ಕಡೆಯ ಒಂದು ಮನೆಯಲ್ಲಿ ಈ ಪ್ರಶ್ನೆಯಿಂದಲೇ ಮೂವರು ಹೆಣ್ಣುಮಕ್ಕಳೂ ಒಬ್ಬ ಸೊಸೆಯೂ ಮಾತು ಬಿಡುವ ಹಂತಕ್ಕೆ ಬಂದಿದ್ದರು. ವರ್ಷಾಂತಕ್ಕೆ ಕೂಡಿದಾಗ ತಾಯಿಯ ಟ್ರಂಕಿನಿಂದ ಒಂದೇ ಒಂದು ರೇಶಿಮೆ ಸೆರಗಿನ ಸೀರೆ ಹೊರಬಿದ್ದಿತು. ಹೊಲಿಗೆಯಿಂದಲೇ ಸಂಸಾರಕ್ಕೆ ನಾಲ್ಕು ಕಾಸು ಕೂಡಿಸುವ ಸೊಸೆಯು, ಇದರಿಂದ ಎಲ್ಲರಿಗೂ ಒಂದೊಂದು ದಿಂಬು ಮಾಡಿಕೊಡುವೆನೆಂದಳು. ಹಿರಿಯ ಮಗಳು ಎದ್ದು ನಿಂತು, “ಅವ್ವನ ಸೀರಿಗೆ ಕತ್ತರಿ ಹಚ್ಚಬ್ಯಾಡ್ರಿ ವೈನಿ, ಹಂಗ ಇರಲಿ” ಎಂದಳು. ಸೊಸೆಯು ಸೀರೆಯನ್ನು ಕೆಳಗಿಟ್ಟು, “ಅತ್ಯಾರ ತಾವ ಇದನ್ನ ಕೌದಿಗಂತ ತಗದಿಟ್ಟಿದ್ರು, ಅಕ್ಕಾರ. ಪಾತ್ರಿಯಾಂವಗ ಕೊಟ್ಟೀನೇನು ನಾನು?” ಎಂದು ಒಳಗೆ ಹೋದಳು. ಹಿರಿಯರೆಂದು ನಮ್ಮನ್ನು ಕೇಳಿದರು. ಸೀರೆಯನ್ನು ಪೂರ್ಣವಾಗಿ ಬಿಚ್ಚಿ ಹಾಸಿರಿ ಎಂದಷ್ಟೇ ನಾವು ಹೇಳಿದೆವು. ಹಿರಿಯ ಮಗಳೇ ಬಿಚ್ಚಿದಳು. ಒಡಲು ಆಕೆಯ ಬೆರಳುಗಳಲ್ಲಿಯೇ ಸದ್ದಿಲ್ಲದೆ ಸೀಳಿತು. ಇನ್ನೊಂದು ಮಳೆಗಾಲ ಕಳೆದರೆ ಉಳಿಸಲು ಏನೂ ಇರಲಾರದೆಂಬುದು ಎಲ್ಲರಿಗೂ ಕಂಡಿತು.

ಗಟ್ಟಿಯಾಗಿರುವ ಸೀರೆಯನ್ನು ದಿಂಬಿನ ಆಸೆಗಾಗಿ ಕತ್ತರಿಸುವುದನ್ನು ನಾವು ಎಂದೂ ಒಪ್ಪುವುದಿಲ್ಲ, ಉಡತಕ್ಕದ್ದನ್ನು ಉಡಬೇಕು. ಅಂಗೈಯ ಮೇಲೆ ಹರಡಿ ಬೆಳಕಿಗೆ ಹಿಡಿದಾಗ ಎಳೆಗಳು ಸರಿದು ಕಿಂಡಿ ಬಿದ್ದಿದ್ದರೆ ಮಾತ್ರ ಕತ್ತರಿಗೆ ಅಧಿಕಾರ.

ಹಂಚುವ ಲೆಕ್ಕವು ಹೀಗಾಯಿತು. ಸೀರೆಯ ಅಗಲ ೪೫ ಅಂಗುಲ. ಬಿಳಿಯ ತೆನೆಗಳುಳ್ಳ ಆ ಕೆಂಪು ಟೋಪತೆನಿ ಸೆರಗನ್ನು ನಾಲ್ಕು ಮಾಡಿದರೆ ಒಬ್ಬೊಬ್ಬರಿಗೆ ೧೧ ಅಂಗುಲಕ್ಕೆ ತುಸು ಹೆಚ್ಚು. ಆದರೆ ಎರಡು ಹೊರತುಂಡುಗಳಿಗೆ ಗೋಮಿ ದಡಿಯು ತಾನಾಗಿ ಬರುವುದು, ನಡುವಿನ ಎರಡಕ್ಕೆ ಬಾರದು. ಕಿರಿಯವಳೂ ಸೊಸೆಯೂ ನಡುವಿನವುಗಳನ್ನು ತೆಗೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಹಿರಿಯ ಮಗಳು ತಾನೇ ಕತ್ತರಿ ಹಿಡಿದು, ಹರಿದ ಒಡಲಿನ ಬದಿಯಿಂದ ಗಟ್ಟಿ ದಡಿಯನ್ನು ಉದ್ದಕ್ಕೆ ಬಿಡಿಸಿ ಸೊಸೆಯ ಮುಂದಿಟ್ಟಳು. ಮಾತು ಏನೂ ಆಡಲಿಲ್ಲ.

ಇನ್ನು ಕೆಲಸದ ಕ್ರಮ. ಹದಿನಾರು ಅಂಗುಲ ಚೌಕದ ದಿಂಬಿಗೆ ಮುಖದ ಬಟ್ಟೆಯು ೧೭ ಅಂಗುಲ ಚೌಕವಿರಬೇಕು. ಸುತ್ತಲೂ ಅರ್ಧ ಅಂಗುಲ ಹೊಲಿಗೆಗೆ ಹೋಗುವುದು. ಇದಕ್ಕೆ ಖಾದಿ ಅಥವಾ ಬೇರೆ ದಪ್ಪ ಹತ್ತಿಯ ಬಟ್ಟೆಯೇ ಒಳ್ಳೆಯದು. ಅದನ್ನು ಕತ್ತರಿಸುವ ಮೊದಲೇ ಒಂದು ರಾತ್ರಿ ನೀರಲ್ಲಿ ನೆನೆಯಿಟ್ಟು ಒಣಗಿಸತಕ್ಕದ್ದು. ಇಲ್ಲವಾದರೆ ಮೊದಲ ಒಗೆತದಲ್ಲಿ ಅದು ಕುಗ್ಗಿ, ಮೇಲಿನ ತುಂಡು ಉಬ್ಬಿ ನಿಲ್ಲುವುದು. ಕೆಂಪು ಬಣ್ಣವು ಬಿಡುವುದೋ ಇಲ್ಲವೋ ಎಂಬುದನ್ನು ಒದ್ದೆಯಾದ ಬಿಳಿಯ ಬಟ್ಟೆಯಿಂದ ಮೂಲೆಯೊಂದನ್ನು ತಿಕ್ಕಿ ನೋಡಬೇಕು. ಬಣ್ಣ ಬಿಡುವಂತಿದ್ದರೆ ಅದರ ಬದಿಗೆ ಬಿಳಿಯ ಬಟ್ಟೆಯನ್ನಿಡದೆ ಕಪ್ಪು ಅಥವಾ ಗಾಢನೀಲಿಯನ್ನಿಡುವುದು ಜಾಣತನ. ಸೆರಗು ನಿಜವಾದ ರೇಶಿಮೆಯೋ ಚಮಕಾವೋ ಎಂದು ಸಂಶಯವಿದ್ದರೆ ಎರಡು ಎಳೆ ಕಿತ್ತು ಸುಟ್ಟು ನೋಡಿರಿ: ಕೂದಲು ಸುಟ್ಟ ವಾಸನೆ ಬಂದು ಬೂದಿಯು ಬೆರಳಲ್ಲಿ ಪುಡಿಯಾದರೆ ರೇಶಿಮೆ, ಕಾಗದದಂತೆ ಉರಿದರೆ ಚಮಕಾ. ರೇಶಿಮೆಗೆ ಇಸ್ತ್ರಿಯ ಕಾವು ಕಡಿಮೆಯಿರಬೇಕು.

ಹಳೆಯ ಸೆರಗು ಒಂಟಿಯಾಗಿ ಯಂತ್ರದ ಪೆಟ್ಟನ್ನು ತಾಳಲಾರದು. ಅದರ ಕೆಳಗೆ ಮೆತ್ತನೆಯ ತೆಳು ಬಟ್ಟೆಯ ಆಸರೆ ಬೇಕು. ಸವೆದ ಧೋತರಕ್ಕಿಂತ ಇದಕ್ಕೆ ಮೇಲಾದುದಿಲ್ಲ. ಮೇಲೆ ಹೇಳಿದ ಮನೆಯಲ್ಲಿ ತಂದೆಯ ಧೋತರವನ್ನೇ ಹಾಕಿದರು. ಎರಡನ್ನೂ ಕೂಡಿಸಿ, ತುಂಡಿನ ಅಂಚನ್ನು ಕಾಲು ಅಂಗುಲದಷ್ಟು ಒಳಗೆ ಮಡಿಸಿ, ಖಾದಿಯ ಮಧ್ಯದಲ್ಲಿಟ್ಟು ಕಚ್ಚಾ ಹೊಲಿಗೆ ಹಾಕಬೇಕು. ಗುಂಡುಸೂಜಿಯ ಮೇಲೆ ನಂಬಿಕೆಯಿಡುವವರ ಬಟ್ಟೆ ಸರಿಯುವುದನ್ನು ನಾವು ಬಹಳ ಕಂಡಿದ್ದೇವೆ. ಸುತ್ತಲೂ ಉಳಿಯುವ ಎರಡೂವರೆ ಅಂಗುಲದ ಜಾಗದಲ್ಲಿ ದಡಿಯನ್ನು ಚೌಕಟ್ಟಿನಂತೆ ಓಡಿಸಿ, ನಾಲ್ಕು ಮೂಲೆಗಳಲ್ಲಿ ಗುಳೇದಗುಡ್ಡದ ಖಣದ ತ್ರಿಕೋಣಗಳನ್ನಿಟ್ಟರೆ ಜೋಡಣೆಯು ಪೂರ್ಣವಾಯಿತು.

ಮೊದಲು ಎಲ್ಲ ತುಂಡುಗಳ ಅಂಚನ್ನೂ ನೇರ ಹೊಲಿಗೆಯಿಂದ ಭದ್ರಪಡಿಸಬೇಕು. ಆಮೇಲೆ ಹೆಣಿಗೆ. ಯಂತ್ರದ ಕಾಲನ್ನು ಬಿಚ್ಚಿ ತೆಗೆಯಿರಿ; ಬಟ್ಟೆಯನ್ನು ಮುಂದೂಡುವ ಹಲ್ಲುಗಳನ್ನು ಇಳಿಸಿರಿ, ಹಳೆಯ ಯಂತ್ರದಲ್ಲಿ ಇಳಿಯದಿದ್ದರೆ ಅವುಗಳ ಮೇಲೆ ಮುಚ್ಚುವ ತಗಡನ್ನು ಹಾಕಿರಿ. ಕೈಕಸೂತಿಯಲ್ಲಿ ರಿಂಗಿನ ಮೇಲ್ಮೈಗೆ ಬಟ್ಟೆಯಿರುವುದು. ಇಲ್ಲಿ ಅದು ಕೆಳಗಿದ್ದು ಯಂತ್ರದ ಹಲಗೆಗೆ ಅಂಟಿರಬೇಕು. ಕಾಲು ಇಲ್ಲದಿದ್ದರೂ ಅದನ್ನು ಇಳಿಸುವ ಹಿಡಿಯನ್ನು ಇಳಿಸಲೇಬೇಕು, ಯಾಕಂದರೆ ಮೇಲಿನ ದಾರಕ್ಕೆ ಬಿಗಿ ಬರುವುದು ಆಗಲೇ. ಇದನ್ನು ಮರೆತವರಿಗೆ ಕೆಳಗೆ ದಾರದ ಗೂಡು ಕಟ್ಟುವುದು. ಬಾಬಿನ್ನಿನ ದಾರವನ್ನು ಮೇಲಕ್ಕೆ ಎಳೆದುಕೊಂಡು, ಮೇಲಿನ ದಾರವನ್ನು ತುಸು ಸಡಿಲಿಸಿ ತುಳಿಯಲಾರಂಭಿಸಿರಿ. ಕಾಲು ಸಮವಾಗಿ ತುಳಿಯಬೇಕು, ಕೈ ನಿಧಾನವಾಗಿ ರಿಂಗನ್ನು ಸರಿಸಬೇಕು. ಸೂಜಿ ಹೊಸದಿರಲಿ: ಸೆರಗಿಗೆ ೧೧ನೆಯ ನಂಬರು, ದಪ್ಪ ಖಣಕ್ಕೆ ೧೪. ಮೊಂಡು ಸೂಜಿಯು ರೇಶಿಮೆಯ ಎಳೆಯನ್ನು ಉದ್ದಕ್ಕೂ ಜಗ್ಗಿ ಕೆಡಿಸುವುದು.

ಚಿತ್ರವಾವುದು? ತೇರು, ತುಳಸಿಕಟ್ಟೆ, ನವಿಲು, ಆನೆ ಇವು ಕಸೂತಿಯಿಂದ ಬಂದವು. ಖಣದಲ್ಲಿ ಕತ್ತರಿಸಿ ಮೂಲೆಗಿಡಲು ಸೊಗಸಾದವು. ಸೆರಗಿನ ಮೇಲೆ ಮಾತ್ರ ಏನನ್ನೂ ಹಾಕಬೇಡಿರಿ, ನೇಕಾರನು ಅಲ್ಲಿ ತನ್ನ ಕೆಲಸವನ್ನು ಮುಗಿಸಿದ್ದಾನೆ. ಅಂಚನ್ನು ಮುಚ್ಚುವ ತುಂಬುಹೆಣಿಗೆಯು ಒಂದು ಗೋದಿಯ ಕಾಳಿನ ಅಗಲವನ್ನು ಮೀರಬಾರದು. ಅಗಲವಾದರೆ ಬಳೆ, ಉಂಗುರಗಳಿಗೆ ಸಿಕ್ಕು ದಾರವು ಏಳುವುದು. ಲಂಬಾಣಿ ಕನ್ನಡಿಯ ಆಸೆಯಿದ್ದವರು ಅದನ್ನು ಮೂಲೆಗೆ ಮಾತ್ರ ಇಡಬೇಕು. ದಿಂಬಿಗೆ ತಲೆಯಿಟ್ಟು ಮಲಗುವ ಮಗುವಿನ ಕೆನ್ನೆಯನ್ನು ನೆನೆಯಬೇಕು. ಈಚೆಗೆ ಗಣಕಯಂತ್ರದ ಹೆಣಿಗೆಯ ಅಂಗಡಿಗಳಲ್ಲಿ ಕುಪ್ಪಸದ ತೋಳಿಗೆ ಹೂವು ಹಾಕಿಕೊಡುವರು. ಅವರಲ್ಲಿ ಮೂಲೆಯ ತುಂಡುಗಳನ್ನು ಮಾಡಿಸಿಕೊಳ್ಳಬಹುದು, ಸೆರಗನ್ನು ಮಾತ್ರ ಅವರ ಯಂತ್ರಕ್ಕೆ ಕೊಡಬಾರದು. ಅದರ ವೇಗಕ್ಕೆ ಜೀರ್ಣ ರೇಶಿಮೆಯು ಅರೆಗಳಿಗೆಯೂ ನಿಲ್ಲದು.

ಹಿಂಬದಿಗೆ ೧೭ ಅಂಗುಲ ಉದ್ದ, ೧೨ ಅಂಗುಲ ಅಗಲದ ಎರಡು ತುಂಡುಗಳು. ಒಂದೊಂದರ ಉದ್ದನೆಯ ಬದಿಯನ್ನು ಒಂದು ಅಂಗುಲ ಮಡಿಸಿ ಹೊಲಿದರೆ ೧೧ ಅಂಗುಲ ಉಳಿಯುವುದು. ಒಂದರ ಮೇಲೊಂದು ಐದು ಅಂಗುಲ ಏರಿ ಕೂಡುವುದು. ಗುಂಡಿಯೂ ಬೇಡ, ಜಿಪ್ಪೂ ಬೇಡ. ದಿಂಬು ತಾನಾಗಿ ಹೊರಬರಲಾರದು. ಮುಖವನ್ನು ಮೇಲೆ ಮಾಡಿ ಇಟ್ಟು, ಈ ಎರಡನ್ನೂ ಬೋರಲಾಗಿ ಅದರ ಮೇಲಿಟ್ಟು, ಸುತ್ತಲೂ ಅರ್ಧ ಅಂಗುಲಕ್ಕೆ ಹೊಲಿದು, ಮೂಲೆಗಳನ್ನು ಓರೆಯಾಗಿ ಕತ್ತರಿಸಿ ಹೊರಳಿಸಬೇಕು.

ಒಳಗೆ ಬೂರುಗದ ಅರಳೆಯೋ ಹಿಂಜಿದ ಹತ್ತಿಯೋ ಇರಲಿ. ಹತ್ತಿಯಾದರೆ ಅರ್ಧದಿಂದ ಮುಕ್ಕಾಲು ಕಿಲೋದಷ್ಟು ಹಿಡಿಯುವುದು. ಮೂಲೆಗಳನ್ನು ಮೊದಲು ತುಂಬಿ ಮಧ್ಯವನ್ನು ಕಡೆಗೆ ತುಂಬುವುದು ವಾಡಿಕೆ. ಅದಕ್ಕೆ ಬೇರೆಯೇ ಒಂದು ಬಿಳಿಯ ಒಳಚೀಲವಿರಬೇಕು. ಚಿತ್ರದ ಹೊದಿಕೆಯನ್ನು ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಅಂಟವಾಳದ ನೊರೆಯಿಂದ ಅದ್ದಿ ತೆಗೆದು, ಹಿಂಡದೆ ನೆರಳಿನಲ್ಲಿ ಹರಡಬೇಕು. ಹತ್ತಿಯ ಒಳಚೀಲವನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಗಂಟು ಕಟ್ಟುವುದಿಲ್ಲ.